ಸಾಂಬ್ರಾಣಿ ಇಲ್ಲದ ಕ್ರಿಸ್‌ಮಸ್

ಪೂಜ್ಯ ರಾಯಪ್ಪ ಸ್ವಾಮಿಗಳು ಮುತ್ತುಗದೊಡ್ಡಿಗೆ ಬಂದಾಗ ಅವರ ಜೊತೆಯಲ್ಲಿ ಬಂದದ್ದು ಒಂದು ಟ್ರಂಕು, ಒಂದು ಕಂಬಳಿ ಮತ್ತು ಎಂದೂ ಬಿಡದ ಒಂದು ಕೆಮ್ಮು. ಕೊಳ್ಳೇಗಾಲದ ಸೀಮೆಯ ಆ ಸಣ್ಣ ಊರಿನಲ್ಲಿ ದೇವಾಲಯವೆಂದರೆ ನಾಡಹೆಂಚಿನ ಒಂದು ಉದ್ದನೆಯ ಕಟ್ಟಡ. ಅದರ ಬೆನ್ನಿಗೆ ಆತುಕೊಂಡ ಒಂದೇ ಕೋಣೆ ಸ್ವಾಮಿಗಳ ಮನೆ. ಜೋರಾಗಿ ಗಾಳಿ ಬೀಸಿದರೆ ಹೆಂಚಿನ ಪುಡಿ ಅವರ ಊಟದ ತಟ್ಟೆಗೇ ಬೀಳುತ್ತಿತ್ತು. ಅವರು ಅದನ್ನು ಊದಿ ಆಚೆ ಮಾಡಿ ಊಟ ಮುಂದುವರಿಸುತ್ತಿದ್ದರು. ಮಾತು ಬಹಳ ಕಡಿಮೆ. ಅವರ ಪ್ರಬೋಧನೆ ಎಷ್ಟು ಚಿಕ್ಕದೆಂದರೆ ಸ್ವಲ್ಪ ತಡವಾಗಿ ಬಂದವರಿಗೆ ಅದು ಸಿಕ್ಕುತ್ತಲೇ ಇರಲಿಲ್ಲ. ಆದರೆ ಕಷ್ಟದಲ್ಲಿರುವವರ ಮನೆಯ ಮುಂದೆ ಹೋಗಿ ಸುಮ್ಮನೆ ನಿಲ್ಲುವುದರಲ್ಲಿ ಅವರಿಗೆ ಸಮನಾದವರನ್ನು ಆ ಸೀಮೆ ಕಂಡಿಲ್ಲ.

ಆ ಮಹನೀಯರ ಜೀವನದ ಒಂದು ಕ್ರಿಸ್‌ಮಸ್ ದಿನದ ಸಂಗತಿ ಇದು. ಇದರಲ್ಲಿ ಕುರುಡರಿಗೆ ಕಣ್ಣು ಬರುವುದಿಲ್ಲ, ಸತ್ತವರು ಏಳುವುದಿಲ್ಲ. ಅದ್ಭುತ ಎಂಬ ಮಾತನ್ನು ನಾನು ಸುಲಭವಾಗಿ ಬಳಸುವವಳಲ್ಲ. ಆದರೂ ಇಲ್ಲಿ ಬಳಸುತ್ತೇನೆ.

ಮುತ್ತುಗದೊಡ್ಡಿಯ ಜನರೆಲ್ಲ ರೇಷ್ಮೆಹುಳು ಸಾಕುವವರು. ಆ ಹುಳುವಿನಷ್ಟು ಸೂಕ್ಷ್ಮದ ಜೀವ ಇನ್ನೊಂದಿಲ್ಲ. ಹೊಗೆ ಆಗದು, ಘಾಟು ಆಗದು. ಬೀಡಿ ಸೇದಿದ ಕೈಯಿಂದ ಸೊಪ್ಪು ಹಾಕಿದರೆ ಸಾಕು, ಹುಳು ಹಸಿರು ನೀರು ಕಕ್ಕಿ ಮುದುರಿಕೊಳ್ಳುತ್ತವೆ. ಅದಕ್ಕಾಗಿ ಹುಳುಮನೆಯ ಹೊಸ್ತಿಲಲ್ಲಿ ಸುಣ್ಣದ ಪುಡಿ ಹರಡಿರುತ್ತಾರೆ. ಯಾರೇ ಆಗಲಿ ಅದನ್ನು ತುಳಿದೇ ಒಳಗೆ ಬರಬೇಕು. ಹೂ ಮುಡಿದವರು, ಪೌಡರ್ ಹಾಕಿದವರು ಬಾಗಿಲಲ್ಲೇ ನಿಂತು ಮಾತನಾಡಿಸಿ ಹೋಗಬೇಕು.

ಆ ಊರಿನಲ್ಲಿ ಮದಲೇನಮ್ಮ ಎಂಬ ಹೆಂಗಸಿದ್ದಳು. ಆ ವರ್ಷ ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರ ಬೆಳಿಗ್ಗೆ ಆಕೆಯ ಗಂಡ ಅರುಳಪ್ಪ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವಾಗ ಹಾವು ಕಚ್ಚಿತು. ಅವನು ಹೇಗೋ ಮನೆಯವರೆಗೆ ಬಂದು ಬಿದ್ದ. ಆಗ ಊರಿನ ಜನ ಗರಿ ಹಿಡಿದು, ಸ್ವಾಮಿಗಳನ್ನು ಮುಂದಿಟ್ಟುಕೊಂಡು ಹಾಡುತ್ತ ಅದೇ ಬೀದಿಯಲ್ಲಿ ಹೋಗುತ್ತಿದ್ದರು. ಒಳಗೆ ಮದಲೇನಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿದಳು, ಕೂಗಿದಳು. ಹಾಡಿನಲ್ಲಿ ಆ ಕೂಗು ಯಾರ ಕಿವಿಗೂ ಬೀಳಲಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಅವನು ಸತ್ತ ನಲವತ್ತನೇ ದಿನದ ಪ್ರಾರ್ಥನೆಗೆ ಊರಿನವರು ಬಂದರು. ಸ್ವಾಮಿಗಳು ಜ್ವರದಿಂದ ಮಲಗಿದ್ದರು. ಪ್ರಾರ್ಥನೆ ನಡೆಸಿದವರು ಉಪದೇಶಿ ಇನ್ನಾಸಪ್ಪ. ಮೂವತ್ತು ವರ್ಷದಿಂದ ದೇವಾಲಯದಲ್ಲಿ ಪೀಠದ ಮುಂದೆ ಸಾಂಬ್ರಾಣಿ ಧೂಪ ಬೀಸುತ್ತಿದ್ದವರು ಅವರೇ. ಗಂಡ ಸತ್ತ ಮನೆ, ಈ ಬೆಳೆಯಾದರೂ ಚೆನ್ನಾಗಿ ಬರಲಿ ಎಂದು ಅವರ ಮನಸ್ಸು ಕರಗಿತು. ಧೂಪದ ಪಾತ್ರೆ ಹಿಡಿದು ಹುಳುಮನೆಯ ಬಾಗಿಲಿಗೆ ನಡೆದರು. ಹೊಗೆ ಹುಳುವಿಗೆ ಆಗದೆಂದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಇದು ಒಲೆಯ ಹೊಗೆಯಲ್ಲ, ದೇವರಿಗೆ ಏರಿಸಿದ ಧೂಪ, ಇದು ಕೇಡು ಮಾಡದು ಎಂದು ಅವರು ನಂಬಿದರು. ಮದಲೇನಮ್ಮನೂ ನಂಬಿದಳು. ಬಾಗಿಲು ತೆರೆದು ಹಿಡಿದವಳು ಅವಳೇ.

ಮೂರನೇ ದಿನಕ್ಕೆ ಒಂದು ಹುಳುವೂ ಉಳಿಯಲಿಲ್ಲ. ಸತ್ತ ಹುಳು ತುಂಬಿದ ಬಿದಿರಿನ ತಟ್ಟೆಗಳನ್ನು ಗುಂಡಿಗೆ ಸುರಿಯಲು ಹೊರಟ ಅತ್ತೆ ಜಪಮಾಲಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅಂದು ಹಾಸಿಗೆ ಹಿಡಿದ ಮುದುಕಿ ಮತ್ತೆ ಎದ್ದು ನಡೆಯಲಿಲ್ಲ.

ಅವತ್ತೇ ಮದಲೇನಮ್ಮ ಬಾಗಿಲು ಹಾಕಿದಳು. ದೇವಾಲಯಕ್ಕೆ ಕಾಲಿಡಲಿಲ್ಲ, ದೇವಾಲಯದವರನ್ನು ಒಳಗೆ ಬಿಡಲಿಲ್ಲ. ಆ ಊರಿನಲ್ಲಿ ಹುಳು ಹಣ್ಣಾದ ದಿನ, ಎಂದರೆ ಗೂಡು ಕಟ್ಟಲು ಸಿದ್ಧವಾದ ದಿನ, ಮನೆಗೊಬ್ಬರಂತೆ ಬಂದು ಒಬ್ಬರಿಗೊಬ್ಬರು ಕೈಜೋಡಿಸುವುದು ರೂಢಿ. ಅದನ್ನೂ ಬೇಡವೆಂದಳು. ನವೆಂಬರ್ ಕೊನೆಯಲ್ಲಿ ನೂರು ಮೊಟ್ಟೆ ಹುಳು ಕಟ್ಟಿದಳು; ಹುಳು ಸಾಕುವವರ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನಾನೂರು ತತ್ತಿ. ಇದೂ ಹೋದರೆ ಅತ್ತೆಯನ್ನು ಪಟ್ಟಣದಲ್ಲಿ ಸಿಸ್ಟರುಗಳು ನಡೆಸುವ ಆಶ್ರಮಕ್ಕೆ ಸೇರಿಸಿ, ತಾನು ರಾಮನಗರಕ್ಕೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುವುದೆಂದು ತೀರ್ಮಾನಿಸಿದ್ದಳು. ಮುದುಕಿಗೂ ಅದು ಗೊತ್ತಿತ್ತು. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲಕ್ಕೆ ನಾಲ್ಕು ಭಾನುವಾರ. ಹುಳುವಿಗೆ ನಾಲ್ಕು ಜ್ವರ. ಮೇವು ಬಿಟ್ಟು ತಲೆಯೆತ್ತಿ ನಿಂತು ಹಳೆಯ ಚರ್ಮ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಇಡೀ ಊರು ಕ್ರಿಸ್‌ಮಸ್ಸಿಗೆ ದಿನ ಎಣಿಸುತ್ತಿದ್ದಾಗ ಮದಲೇನಮ್ಮ ಜ್ವರ ಎಣಿಸುತ್ತಿದ್ದಳು. ಪ್ರತಿದಿನ ಬೆಳಗಿನ ಬಲಿಪೂಜೆ ಮುಗಿದ ಮೇಲೆ ಸ್ವಾಮಿಗಳು ಅವಳ ಮನೆಯ ಹಿಂದಿನ ಗೋಡೆಯ ಬಳಿ ಬಂದು ನಿಲ್ಲುತ್ತಿದ್ದರು. ಕರೆಯುತ್ತಿರಲಿಲ್ಲ, ಬಾಗಿಲು ತಟ್ಟುತ್ತಿರಲಿಲ್ಲ. ಒಂದಿಷ್ಟು ಹೊತ್ತು ನಿಂತು, ಕೆಮ್ಮಿ, ಹೊರಟುಹೋಗುತ್ತಿದ್ದರು. ಚರ್ಚಿಗೆ ಬಾ ಎಂದರೆ ಏನು ಬಯ್ಯಬೇಕೆಂದು ಮದಲೇನಮ್ಮ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಅವರು ಕರೆಯಲೇ ಇಲ್ಲವಾದ್ದರಿಂದ ಆ ಬೈಗುಳವೆಲ್ಲ ಹಾಗೇ ಉಳಿಯಿತು. ನಾಲ್ಕನೇ ಜ್ವರ ಎದ್ದ ಮೇಲಂತೂ ಹುಳು ಸೊಪ್ಪು ಮೇಯುವ ಸದ್ದು ಗೋಡೆಯಾಚೆಗೂ ಕೇಳಿಸುತ್ತಿತ್ತು, ಒಣಗಿದ ಎಲೆಗಳ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಸ್ವಾಮಿಗಳು ಆ ಸದ್ದು ಕೇಳುತ್ತ ನಿಲ್ಲುತ್ತಿದ್ದರು.

ಕ್ರಿಸ್‌ಮಸ್ ಬಂತು. ಆ ಊರಿನಲ್ಲಿ ಹಬ್ಬದ ಬಲಿಪೂಜೆ ಬೆಳಿಗ್ಗೆ ಏಳು ಗಂಟೆಗೆ. ದೇವಾಲಯದ ಮುಂದೆ ತೆಂಗಿನಗರಿಯ ದೊಡ್ಡ ಚಪ್ಪರ, ಅದರ ನಡುವೆ ಹುಲ್ಲಿನ ಗೋದಲಿ, ಗೋದಲಿಯಲ್ಲಿ ಬಾಲಯೇಸು. ಹೊತ್ತು ಮೂಡುತ್ತಿದ್ದಂತೆ, ಅಂದು ಪೂಜೆಗೆ ಮುಂಚೆಯೇ, ಸ್ವಾಮಿಗಳು ಆ ಗೋಡೆಯ ಬಳಿಗೆ ಹೋದರು. ನಿಂತರು. ಕಿವಿಗೊಟ್ಟರು. ಮಳೆಯ ಸದ್ದು ನಿಂತುಹೋಗಿತ್ತು.

ಹುಳು ಮೇವು ಬಿಟ್ಟಿವೆ ಎಂದರೆ ಹಣ್ಣಾಗಿವೆ ಎಂದರ್ಥ. ಹಣ್ಣಾದ ಹುಳುವನ್ನು ಒಂದೊಂದಾಗಿ ಕೈಯಲ್ಲಿ ಆಯ್ದು ಚಂದ್ರಿಕೆಯ ಮೇಲೆ ಬಿಡಬೇಕು. ಬಿದಿರಿನ ಚಾಪೆಗೆ ಬಿದಿರಪಟ್ಟಿಯನ್ನು ಸುತ್ತುಸುತ್ತಾಗಿ ಹೊಲಿದು ಮಾಡಿದ್ದು ಚಂದ್ರಿಕೆ. ಅದರ ಸಂದುಗಳಲ್ಲಿ ಹುಳು ಗೂಡು ಕಟ್ಟುತ್ತದೆ. ಸಂಜೆಯೊಳಗೆ ಆಯದಿದ್ದರೆ ತಟ್ಟೆಯಲ್ಲೇ ಹಿಕ್ಕೆಯ ನಡುವೆ ನೂಲು ಉಗುಳಿ ಎಲ್ಲ ಹಾಳು. ನಲವತ್ತು ಸಾವಿರ ಹುಳು, ಒಬ್ಬಳೇ ಹೆಂಗಸು, ಊರೆಲ್ಲ ಹಬ್ಬದಲ್ಲಿ!

ಸ್ವಾಮಿಗಳು ಓಡಿದರು. ಅವರು ಓಡಿದ್ದನ್ನು ಊರಿನವರು ಕಂಡದ್ದು ಅದೊಂದೇ ಸಲ. ದೇವಾಲಯದಲ್ಲಿ ಇನ್ನಾಸಪ್ಪನವರು ಧೂಪಕ್ಕೆ ಕೆಂಡ ಊದುತ್ತಿದ್ದರು. ಇವತ್ತು ಸಾಂಬ್ರಾಣಿ ಬೇಡ ಎಂದು ಸ್ವಾಮಿಗಳು ಹೇಳಿದಾಗ ಅವರ ಮುಖ ಕಪ್ಪಿಟ್ಟಿತು.

“ಕ್ರಿಸ್‌ಮಸ್ಸಿಗೇ ಸಾಂಬ್ರಾಣಿ ಬೇಡ ಅಂದ್ರೆ ಹೆಂಗೆ ಸ್ವಾಮಿ? ಮೂಡಣದ ಜ್ಞಾನಿಗಳು ಬಾಲಯೇಸುಗೆ ಅಂತ ಹೊತ್ಕೊಂಡು ಬಂದದ್ದೇ ಅದನ್ನಲ್ವಾ?”

“ಅವರು ತಡವಾಗಿ ಬಂದವರು, ಇನ್ನಾಸಪ್ಪ. ಮೊದಲು ಬಂದವರು ಕುರಿ ಕಾಯುವವರು.”

ಕೆಂಡಕ್ಕೆ ನೀರು ಬಿತ್ತು. ಬಲಿಪೂಜೆ ನಡೆಯಿತು. ಪ್ರಬೋಧನೆಯ ಹೊತ್ತಿಗೆ ಸ್ವಾಮಿಗಳು ಜನರ ಕಡೆ ತಿರುಗಿ, ಮದಲೇನಮ್ಮನ ಹುಳು ಹಣ್ಣಾಗಿವೆ ಎಂದರು. ಪೂಜೆ ಮುಗಿದ ಮೇಲೆ ಹೂ ತೆಗೆದು, ತಲೆಯೆಣ್ಣೆ, ಪೌಡರ್ ಎಲ್ಲ ತೊಳೆದು, ಒಗೆದ ಹಳೆಯ ಬಟ್ಟೆ ಉಟ್ಟು, ಮನೆಯಲ್ಲಿರುವ ಚಂದ್ರಿಕೆ ಹೊತ್ತು ಬನ್ನಿ ಎಂದರು. ಅಷ್ಟೇ ಪ್ರಬೋಧನೆ.

ಗುಜುಗುಜು ಎದ್ದಿತು. ಅವಳು ನಮ್ಮನ್ನು ಮೆಟ್ಟಿಲು ಹತ್ತಿಸುವುದಿಲ್ಲವಲ್ಲ ಎಂದರು ಕೆಲವರು. ಕೊನೆಯ ಹಾಡು ಮುಗಿಯುವುದರೊಳಗೆ ಸ್ವಾಮಿಗಳು ಬಾವಿಕಟ್ಟೆಯಲ್ಲಿದ್ದರು. ಡಿಸೆಂಬರಿನ ಆ ಚಳಿಯಲ್ಲಿ, ಆ ಕೆಮ್ಮಿನಲ್ಲಿ, ಎಂಟು ಕೊಡ ತಣ್ಣೀರು ತಲೆಯ ಮೇಲೆ ಸುರಿದುಕೊಂಡರು. ಸೋಪಿಲ್ಲ, ಬರೀ ನೀರು. ನಿಲುವಂಗಿಯನ್ನು ಮೊಳೆಗೆ ತಗುಲಿಸಿ, ತೂತುಬಿದ್ದ ಬನೀನು, ಮಂಡಿಯವರೆಗಿನ ಪಂಚೆಯಲ್ಲಿ ಬೀದಿಗಿಳಿದರು. ಇನ್ನಾಸಪ್ಪನವರು ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಹಿಂದೆ ನಡೆದರು.

ಮದಲೇನಮ್ಮ ಬಾಗಿಲು ಅರ್ಧ ತೆರೆದು ಅಡ್ಡ ನಿಂತಳು. ಕಣ್ಣು ಕೆಂಪಾಗಿತ್ತು, ಕೈತುಂಬ ರೇಷ್ಮೆಯ ಎಳೆ ಅಂಟಿತ್ತು.

“ನಿಮ್ ದೇವ್ರು ಒಂದ್ಸಲ ಬಂದು ಹೋಗಾಯ್ತು ಸ್ವಾಮಿ,” ಎಂದಳು. “ಬಂದ್ ಮೂರ್ನೇ ದಿನಕ್ಕೆ ಒಂದ್ ಹುಳ ಉಳೀಲಿಲ್ಲ. ಇವೊಂದ್ನಾದ್ರೂ ಬುಟ್ಬುಡಿ.”

“ಗೊತ್ತು ತಾಯಿ. ಅದಕ್ಕೇ ಇವತ್ತು ವಾಸನೆ ಇಲ್ಲದೆ ಬಂದಿದ್ದೇನೆ. ಬರಬಹುದೇ?”

ಮದಲೇನಮ್ಮ ನಂಬಲಿಲ್ಲ. ಆಗ ಅವಳು ಮಾಡಿದ್ದನ್ನು ಹೇಳುವಾಗ ಇನ್ನಾಸಪ್ಪನವರು ಮುದುಕರಾದ ಮೇಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ಗಂಟೆಯ ಹಿಂದೆ ಪರಮಪ್ರಸಾದವನ್ನು ಎತ್ತಿಹಿಡಿದಿದ್ದ ಆ ಎರಡು ಕೈಗಳನ್ನು ಅವಳು ಹಿಡಿದು ಮೂಗಿಗೆ ತಂದಳು. ಅಂಗೈ ಮೂಸಿದಳು, ಬೆರಳ ಸಂದು ಮೂಸಿದಳು. “ತಲೆ ಬಗ್ಸಿ,” ಎಂದಳು. ಸ್ವಾಮಿಗಳು ಹೊಸ್ತಿಲ ಹೊರಗೆ ನಿಂತು ಆ ಹೆಂಗಸಿನ ಮುಂದೆ ತಲೆ ಬಗ್ಗಿಸಿದರು. ಒದ್ದೆ ಕೂದಲಲ್ಲಿ ಬಾವಿಯ ನೀರಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಅವಳು ಪಕ್ಕಕ್ಕೆ ಸರಿದಳು. “ಸುಣ್ಣ ತುಳ್ಕೊಂಡ್ ಬನ್ನಿ.”

ಒಳಗೆ ಗೋಡೆಗೆ ಒರಗಿಸಿದ ಮಂಚದಿಂದ ಜಪಮಾಲಮ್ಮನ ದನಿ ಬಂತು. ಬನೀನಿನಲ್ಲಿ ಬಂದವರು ಯಾರೇ ಎಂದು ಕೇಳಿದಳು. ಸ್ವಾಮಿಗಳು ಎಂದು ಸೊಸೆ ಹೇಳಿದಳು.

“ಸ್ವಾಮಿಗೋಳ್ಗೆ ಕಾಲೂ ಅವಾ? ನಾನ್ ಇಲ್ಲೀಗಂಟ ಬರೀ ನಿಲುವಂಗಿ ನಡೀತದೆ ಅನ್ಕಂಡಿದ್ನಲ್ಲವ್ವ.”

ಸ್ವಾಮಿಗಳು ನಕ್ಕರು. ಏಳು ತಿಂಗಳಿನಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಸಾಲು! ಗಂಡಸರು ತಲೆಯ ಮೇಲೆ ಚಂದ್ರಿಕೆ ಹೊತ್ತು ಬರುತ್ತಿದ್ದಾರೆ, ಹೆಂಗಸರು ಒದ್ದೆ ಕೂದಲನ್ನು ಗಂಟು ಹಾಕಿಕೊಂಡು, ಮಾಸಲು ಸೀರೆಯಲ್ಲಿ ನಡುಗುತ್ತ ಬರುತ್ತಿದ್ದಾರೆ. ಹಬ್ಬದ ಸೀರೆ ಬಿಚ್ಚಿಟ್ಟು ಬಂದ ಒಬ್ಬಾಕೆ, ತನ್ನ ಮದುವೆಗೂ ಇಷ್ಟು ಮೈ ತಿಕ್ಕಿರಲಿಲ್ಲ ಎಂದು ಗೊಣಗಿದಳು. ಮದಲೇನಮ್ಮ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೂ ಮೂಸಿ ಒಳಗೆ ಬಿಟ್ಟಳು. ಸ್ವಾಮಿಗಳೇ ಮೂಸಿಸಿಕೊಂಡ ಮೇಲೆ ಬೇರೆಯವರು ಏನು ಹೇಳಿಯಾರು? ಮಲ್ಲಿಗೆ ಎಣ್ಣೆಯ ಒಬ್ಬಳನ್ನು ಎರಡು ಸಲ ಬಾವಿಗೆ ಓಡಿಸಿದಳು.

ಹುಳುಮನೆಯೊಳಗೆ ಕೈಗಳು ಹಾರಾಡಿದವು. ಹಣ್ಣಾದ ಹುಳು ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಮೈಯೆಲ್ಲ ಪಾರದರ್ಶಕವಾಗಿ ಕಾಣುತ್ತದೆ. ತಲೆಯೆತ್ತಿ ಆಚೀಚೆ ಆಡಿಸುತ್ತ ಹಿಡಿತಕ್ಕೆ ಹುಡುಕುತ್ತದೆ. ಒಂದು ತಟ್ಟೆ ಮುಗಿಯಿತು ಎನ್ನುವಷ್ಟರಲ್ಲಿ ಪಕ್ಕದ ತಟ್ಟೆ ಹಣ್ಣಾಗುತ್ತಿತ್ತು. ಸ್ವಾಮಿಗಳಿಗೆ ಈ ಕೆಲಸ ಹೊಸದು. ಎಳೆಯ ಹುಳುವನ್ನೂ ಸೇರಿಸಿ ಆಯ್ದುಬಿಟ್ಟರು. ಕಣ್ಣು ಕಾಣುವುದಿಲ್ಲವೇ, ಬೆಳಕಿಗೆ ಹಿಡಿದು ನೋಡಬಾರದೇ ಎಂದು ಮದಲೇನಮ್ಮ ಗದರಿದಳು. ಸ್ವಾಮಿಗಳು ಆಮೇಲೆ ಪ್ರತಿ ಹುಳುವನ್ನೂ ಕಿಟಕಿಗೆ ಎತ್ತಿಹಿಡಿದು ನೋಡಿಯೇ ಬಿಟ್ಟರಂತೆ, ಪೀಠದಲ್ಲಿ ಎತ್ತಿಹಿಡಿದಷ್ಟೇ ಜೋಪಾನವಾಗಿ. ಮಲಗಿದ್ದಲ್ಲಿಗೇ ತನಗೂ ಒಂದು ತಟ್ಟೆ ಕೊಡಿ ಎಂದು ಜಪಮಾಲಮ್ಮ ಹಟ ಹಿಡಿದಳು. ಸೊಂಟ ಮುರಿದಿದ್ದರೂ ಬೆರಳು ಮುರಿದಿರಲಿಲ್ಲ. ಅವಳಷ್ಟು ಬೇಗ ಆಯ್ದವರು ಆ ಮನೆಯಲ್ಲಿ ಇನ್ನೊಬ್ಬರಿಲ್ಲ.

ಹೊತ್ತು ನೆತ್ತಿಗೆ ಬರುವ ಮುಂಚೆ, ಒಂದೇ ತಟ್ಟೆಯ ಆಚೆ ಈಚೆ ಸ್ವಾಮಿಗಳೂ ಮದಲೇನಮ್ಮನೂ ಬಗ್ಗಿದ್ದಾಗ, ಅವಳು ತಲೆಯೆತ್ತದೆ ಕೇಳಿದಳು.

“ಅವತ್ತು ನಾನು ಕೂಗ್ತಿದ್ನಲ್ಲ, ನಿಮ್ ದೇವ್ರು ಎಲ್ಲಿದ್ರು?”

ಸ್ವಾಮಿಗಳ ಕೈ ನಿಂತಿತು. “ನಾನು ಹೊರಗಿದ್ದೆ ತಾಯಿ. ಹಾಡುತ್ತ ನಿನ್ನ ಬಾಗಿಲು ದಾಟಿ ಹೋದೆ. ಅವರು ಒಳಗಿದ್ದರು.”

“ನೀವ್ ನೋಡಿದ್ರಾ?”

ಸ್ವಾಮಿಗಳು ಮಂಚದ ಕಡೆ ನೋಡಿದರು. ಏಳು ತಿಂಗಳು ಮಲಗಿದ ಮುದುಕಿ. ಮೈಮೇಲೆ ಒಗೆದ ಸೀರೆ, ಬಾಚಿ ಕಟ್ಟಿದ ತಲೆ, ಬೆನ್ನಿನಲ್ಲಿ ಒಂದು ಹುಣ್ಣಿಲ್ಲ. “ಇದನ್ನೆಲ್ಲ ಮಾಡಿದ್ದು ಯಾರು?” ಎಂದು ಕೇಳಿದರು.

“ಇನ್ಯಾರು? ನಾನೇ.”

“ಒಬ್ಬಳೇ?”

ಒಬ್ಬಳೇ ಎನ್ನಲು ಅವಳು ಬಾಯಿ ತೆರೆದಳು. ಆ ಮಾತು ಹೊರಡಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ಸ್ವಾಮಿಗಳಿಗೆ ಕೆಮ್ಮು ಬಂತು, ಗೋಡೆಯಾಚೆಯ ಅದೇ ಕೆಮ್ಮು. ಆ ತಿಂಗಳೆಲ್ಲ ಬೆಳಿಗ್ಗೆ ಏಳುವಾಗ ಇವತ್ತು ನನ್ನ ಕೈಲಾಗದು ಎಂದುಕೊಂಡೇ ಎದ್ದಿದ್ದಳು. ಗೋಡೆಯಾಚೆ ಕೆಮ್ಮು ಕೇಳಿದ ಮೇಲೆ ಸೊಪ್ಪಿನ ಬುಟ್ಟಿ ಎತ್ತುವುದು ಅವಳಿಗೇ ತಿಳಿಯದ ಹಾಗೆ ಅಭ್ಯಾಸವಾಗಿತ್ತು. ಕೆಮ್ಮು ತಡವಾದ ದಿನ ಬುಟ್ಟಿ ಹಿಡಿದು ಕಾದಿದ್ದೂ ಉಂಟು. ಬಾಗಿಲು ಹಾಕಿಕೊಂಡವಳ ಗೋಡೆಗೆ ಆತು ಯಾರೋ ನಿಂತಿದ್ದರು. ಆ ಯಾರೋ ಎಂಬುದು ಈ ಮುದಿ ಸ್ವಾಮಿಗಳಿಗಿಂತ ದೊಡ್ಡದೆಂದು ಅವಳಿಗೆ ಆಗ ಹೊಳೆಯಿತು. ಗೋಡೆಯಾಚೆ ಆ ಕೆಮ್ಮು ಕೇಳಲು ಶುರುವಾಗುವ ಮುಂಚಿನ ತಿಂಗಳುಗಳಲ್ಲೂ ಅವಳು ಎದ್ದಿದ್ದಳಲ್ಲ! ಕಣ್ಣೀರು ತಟ್ಟೆಗೆ ಬೀಳದ ಹಾಗೆ ಮುಖ ಆಚೆ ತಿರುಗಿಸಿಕೊಂಡು ಆಯುತ್ತಲೇ ಇದ್ದಳು. ಹುಳುವಿಗೆ ಒದ್ದೆ ಆಗದು.

ಮಧ್ಯಾಹ್ನದ ಹೊತ್ತಿಗೆ ಹೊಸ ಕಷ್ಟ. ಹುಳು ತುಂಬಿದ ಚಂದ್ರಿಕೆಯನ್ನು ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಬೇಕು. ಮದಲೇನಮ್ಮನ ಸೂರಿನ ಕೆಳಗೆ ಹಿಡಿದದ್ದು ಹತ್ತು. ಇನ್ನೂ ಮೂವತ್ತು ಚಂದ್ರಿಕೆ ಬಿಸಿಲಿನಲ್ಲಿ! ಊರಿನ ಸೂರುಗಳೆಲ್ಲ ಹಬ್ಬದೊಲೆಯ ಹೊಗೆಯಲ್ಲಿದ್ದವು. ಎಲ್ಲರೂ ದಿಕ್ಕು ನೋಡುತ್ತ ನಿಂತರು.

ಬೆಳಗಿನಿಂದ ಇನ್ನಾಸಪ್ಪನವರು ಒಳಗೆ ಬಂದಿರಲಿಲ್ಲ. ಬೂದಿ ಹಾಕಿ ತಿಕ್ಕಿದರು, ಹುಣಸೆಹಣ್ಣು ಹಾಕಿ ತಿಕ್ಕಿದರು. ಮೂವತ್ತು ವರ್ಷದ ಸಾಂಬ್ರಾಣಿ ಅವರ ಕೈಯಿಂದ ಹೋಗಲೇ ಇಲ್ಲ. ಮದಲೇನಮ್ಮ ಮೂಸುವ ಮೊದಲೇ ಅವರೇ ಮೂಸಿಕೊಂಡು, ದೂರ ಹೋಗಿ ಬೇಲಿಯ ಬಳಿ ಕುಳಿತಿದ್ದರು. ಅಲ್ಲಿಂದಲೇ ಈಗ ಮಾತನಾಡಿದರು.

“ಚರ್ಚಿನ ಮುಂದೆ ಚಪ್ಪರ ಅದೆಯಲ್ಲ. ಇವತ್ತು ಅಲ್ಲಿ ಹೊಗೆಯೂ ಇಲ್ಲ.”

ಎಲ್ಲರೂ ಸ್ವಾಮಿಗಳ ಮುಖ ನೋಡಿದರು. ಬೆಳಿಗ್ಗೆ ಧೂಪ ಬೇಡವೆಂದಾಗಲೇ ಅವರಿಗೆ ಇದು ಗೊತ್ತಿತ್ತೇ? ಊರಿನಲ್ಲಿ ಇಂದಿಗೂ ಈ ವಾದ ಮುಗಿದಿಲ್ಲ. ಗೊತ್ತಿತ್ತು ಎಂದೇ ನನ್ನ ನಂಬಿಕೆ.

ಮದಲೇನಮ್ಮ ಗಟ್ಟಿಯಾಗಿ ನಿಂತಳು. ತಾನು ಅಲ್ಲಿಗೆ ಕಾಲಿಡುವುದಿಲ್ಲವೆಂದು ಊರೆದುರಿಗೆ ಹೇಳಿಯಾಗಿದೆ ಎಂದಳು.

“ನೀನು ಬರಬೇಡ ತಾಯಿ,” ಎಂದರು ಸ್ವಾಮಿಗಳು. “ಹುಳು ಬರಲಿ.”

ಮೂವತ್ತು ಚಂದ್ರಿಕೆಗಳು ತಲೆಯ ಮೇಲೆ ಹೊರಟವು. ಮೆರವಣಿಗೆ ಎಂದರೆ ಅದು! ಬಿಸಿಲು ತಾಗದಂತೆ ಮೇಲೆ ಒದ್ದೆ ಗೋಣಿ ಹಿಡಿದವರು, ದಾರಿ ಬಿಡಿ ಎಂದು ಮುಂದೆ ಓಡಿದವರು, ನಾಯಿ ಓಡಿಸಿದವರು. ಗರಿಗಳ ಭಾನುವಾರ ಹಾಡುತ್ತ ಹೋದ ಅದೇ ಬೀದಿಯಲ್ಲಿ ಈಗ ಯಾರೂ ಹಾಡಲಿಲ್ಲ. ಹುಳು ಬೆದರದಿರಲೆಂದು ಮೆಲ್ಲಗೆ ಹೆಜ್ಜೆ ಇಟ್ಟರು. ಮದಲೇನಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಯಾರೋ ಒಬ್ಬ ಚಂದ್ರಿಕೆಯನ್ನು ವಾಲಿಸಿ ಹಿಡಿದದ್ದು ಕಂಡಿತು. ಹಂಗಲ್ಲ, ನೆಟ್ಟಗೆ ಹಿಡಿ ಎಂದು ಕೂಗುತ್ತ ನಾಲ್ಕು ಹೆಜ್ಜೆ ಇಟ್ಟಳು. ಮತ್ತೆ ನಾಲ್ಕು. ಹುಳುವನ್ನು ಬಿಟ್ಟಿರುವುದು ಅವಳಿಂದಾಗುವ ಮಾತಲ್ಲ. ಚಪ್ಪರ ಬಂದದ್ದು ಅವಳಿಗೆ ತಿಳಿದದ್ದು ಒಳಗೆ ನಿಂತ ಮೇಲೆಯೇ.

ಗೋದಲಿಯ ಸುತ್ತ ಚಂದ್ರಿಕೆಗಳನ್ನು ನಿಲ್ಲಿಸಿದರು. ಹುಳುಗಳು ತಲೆಯಾಡಿಸುತ್ತ ಆಗಲೇ ಮೊದಲ ಎಳೆ ಎಸೆಯುತ್ತಿದ್ದವು. ಒಂದೊಂದಕ್ಕೂ ಒಂದು ತೆಳುವಾದ ಬೆಳ್ಳನೆಯ ಮುಸುಕು. ನಡುವೆ ಹುಲ್ಲಿನ ಮೇಲೆ ಬಾಲಯೇಸು. ಕೊಟ್ಟಿಗೆಯಲ್ಲಿ ಹುಟ್ಟಿದವರಿಗೆ ಹುಳುವಿನ ಜೊತೆ ಮಲಗುವುದು ದೊಡ್ಡದೇ? ಮದಲೇನಮ್ಮ ಹುಳು ಕಾಯಲು ಬಂದವಳು, ಕಾಯುತ್ತ ಅಲ್ಲೇ ನೆಲದ ಮೇಲೆ ಕುಳಿತಳು. ಗಂಡ ಸತ್ತಾಗ ಕೂಗಿದ್ದಳು, ಆಮೇಲೆ ಮನಸ್ಸು ಬಿಚ್ಚಿ ಅತ್ತಿರಲಿಲ್ಲ. ಈಗ ಸದ್ದಿಲ್ಲದೆ, ಹೊಟ್ಟೆ ತುಂಬ ಅತ್ತಳು. ಸ್ವಾಮಿಗಳು ಪಕ್ಕದ ಕಂಬಕ್ಕೆ ಒರಗಿ ಕುಳಿತರು, ಗೋಡೆಯಾಚೆ ನಿಲ್ಲುತ್ತಿದ್ದ ಹಾಗೆಯೇ.

ಅತ್ತು ಮುಗಿದ ಮೇಲೆ ಅವಳು ಕಣ್ಣೊರೆಸಿಕೊಂಡು ಚಪ್ಪರದ ಹೊರಗೆ ನೋಡಿದಳು. ಇನ್ನಾಸಪ್ಪನವರು ಬಿಸಿಲಿನಲ್ಲಿ ನಿಂತಿದ್ದರು.

“ಇನ್ನಾಸಣ್ಣ,” ಎಂದಳು, “ಬಾಗ್ಲು ತೆಗ್ದೋಳು ನಾನೇ ಅಲ್ವಾ. ನೀನೊಬ್ನೇ ಯಾಕ್ ಹೊತ್ಕಂಡ್ ತಿರುಗ್ತಿದ್ದೀಯ? ಆ ಗರಿ ಸರಿದೈತೆ ನೋಡು, ಮೇಲ್ ಹತ್ತಿ ಮುಚ್ಚು. ಹುಳ ಮಾತ್ರ ಮುಟ್ಬೇಡ.”

ಅರವತ್ತು ದಾಟಿದ ಉಪದೇಶಿಗಳು ಹುಡುಗನಂತೆ ಚಪ್ಪರ ಹತ್ತಿದರು.

ಎಲ್ಲ ಹುಳುವೂ ಗೂಡಾಗಲಿಲ್ಲ. ಮೂರು ಚಂದ್ರಿಕೆಯ ಹುಳುಗಳಿಗೆ ಹಾಲುತೊಂಡೆ ರೋಗ ಬಂದು ಕೊಳೆತವು. ಅರುಳಪ್ಪನ ಅಂಗಿ ಮೊಳೆಯಲ್ಲೇ ನೇತಾಡುತ್ತಿತ್ತು. ಆದರೆ ಮಿಕ್ಕ ಗೂಡು ಕೈಗೆ ಬಂತು, ಮದಲೇನಮ್ಮ ರಾಮನಗರಕ್ಕೆ ಹೋಗಲಿಲ್ಲ. ಜಪಮಾಲಮ್ಮ ನಾಲ್ಕು ವರ್ಷದ ಮೇಲೆ ತನ್ನ ಮಂಚದಲ್ಲೇ, ಸೊಸೆಯ ಕೈಯಲ್ಲಿ ನೀರು ಕುಡಿದು ಕಣ್ಣು ಮುಚ್ಚಿದಳು. ಇಂದಿಗೂ ಮುತ್ತುಗದೊಡ್ಡಿಯಲ್ಲಿ ಕ್ರಿಸ್‌ಮಸ್ ಬಲಿಪೂಜೆಗೆ ಸಾಂಬ್ರಾಣಿ ಹಾಕುವುದಿಲ್ಲ. ಜನವರಿಯಲ್ಲಿ ಬರುವ ಜ್ಞಾನಿಗಳ ಹಬ್ಬದವರೆಗೆ ಕಾಯುತ್ತಾರೆ.

ಆ ಕ್ರಿಸ್‌ಮಸ್ಸಿನ ಸಂಜೆ, ಇನ್ನೂ ಬೆಳಕಿರುವಾಗಲೇ, ಮದಲೇನಮ್ಮ ಅತ್ತೆಗೆ ಹಬ್ಬದೂಟ ತೆಗೆದುಕೊಂಡು ಮನೆಗೆ ಬಂದಳು. ಮುದುಕಿ ತುತ್ತು ಬಾಯಿಗಿಟ್ಟುಕೊಳ್ಳುವ ಮೊದಲು ಸೊಸೆಯ ಕೈಯನ್ನು ಹಿಡಿದು ಮೂಸಿದಳು.

“ಚರ್ಚಿಗ್ ಹೋಗಿದ್ದೆ ಅಂತೀಯ. ಸಾಂಬ್ರಾಣಿ ವಾಸ್ನೆನೇ ಇಲ್ವಲ್ಲೇ.”

“ಇರ್ನಿಲ್ಲ ಕಣತ್ತೆ,” ಎಂದಳು ಮದಲೇನಮ್ಮ. “ದೇವ್ರಿದ್ರು.”